ವಯಸ್ಕರ ತರಗತಿಯಲ್ಲಿ ಪಾಠಭಂಗ ಮತ್ತು ಅದರ ನಿರ್ವಹಣೆ

ಶಾಲೆಯ ವಯಸ್ಸು ದಾಟಿದವರಿಗಾಗಿ ನಡೆಯುವ ಅಕ್ಷರಾಭ್ಯಾಸ, ಭಾಷಾಬೋಧನೆ, ವೃತ್ತಿ ತರಬೇತಿ ಮೊದಲಾದ ತರಗತಿಗಳಲ್ಲಿ ಒಬ್ಬರ ಅಥವಾ ಕೆಲವರ ನಡವಳಿಕೆಯಿಂದ ಉಳಿದವರ ಕಲಿಕೆಗೆ ತಡೆಯುಂಟಾಗುವುದನ್ನು, ಬೋಧನೆ ಮುಂದುವರಿಯದಂತಾಗುವುದನ್ನು ಅಥವಾ ಯಾರದಾದರೂ ಸುರಕ್ಷತೆಗೆ ಧಕ್ಕೆ ಒದಗುವುದನ್ನು ಪಾಠಭಂಗವೆಂದು ಕರೆಯಬಹುದು. ಮಕ್ಕಳ ಶಾಲೆಯಲ್ಲಿ ಇದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡುವ ರೂಢಿ ಹಳೆಯದು. ವಯಸ್ಕರ ತರಗತಿಗೆ ಆ ನೋಟ ಸಾಲದು. ಅಲ್ಲಿ ಕುಳಿತವರು ಮನೆ ನಡೆಸಿದವರು, ದುಡಿದವರು, ಮಕ್ಕಳನ್ನು ಬೆಳೆಸಿದವರು, ಹಲವು ಸಲ ಬೋಧಕರಿಗಿಂತ ಹಿರಿಯರು. ಗದರಿಸಿಕೊಂಡರೆ ಎದ್ದುಹೋಗಿ ಮರಳಿ ಬಾರದಿರುವವರು. ಹಾಗೆ ಎದ್ದುಹೋದವರಿಗೆ ಓದಿನ ಇನ್ನೊಂದು ಅವಕಾಶ ಸುಲಭವಾಗಿ ಸಿಗುವುದೂ ಇಲ್ಲ. ಆದ್ದರಿಂದ ಇಲ್ಲಿ ಪಾಠಭಂಗದ ನಿರ್ವಹಣೆಯೆಂದರೆ ವ್ಯಕ್ತಿಯ ಮಾನವನ್ನೂ ಗುಂಪಿನ ಕಲಿಕೆಯ ಹಕ್ಕನ್ನೂ ಒಟ್ಟಿಗೆ ಕಾಯುವ ಕೆಲಸ. ಈ ಲೇಖನ ವಿಷಯದ ಸಾಮಾನ್ಯ ತತ್ವಗಳನ್ನು ವಿವರಿಸಿ, ಆಸ್ಟ್ರೇಲಿಯಾದ ಪರ್ತ್ ನಗರದ ವೆಲ್ಷ್‌ಪೂಲ್‌ನಂಥ ಕೈಗಾರಿಕಾ ಬಡಾವಣೆಗಳು, ಬ್ರಿಸ್ಬೇನ್ ಮತ್ತು ಅಡಿಲೇಡ್ ನಗರಗಳ ವಲಸಿಗರ ತರಗತಿಗಳು ಹಾಗೂ ಕರ್ನಾಟಕದ ಸಾಕ್ಷರತಾ ಕೇಂದ್ರಗಳ ಹಿನ್ನೆಲೆಯಲ್ಲಿ ಅವುಗಳನ್ನು ಪರಿಶೀಲಿಸುತ್ತದೆ.

ಸ್ವರೂಪ ಮತ್ತು ವಿಂಗಡಣೆ

ಪಾಠಭಂಗವನ್ನು ಅದರ ತೀವ್ರತೆಗೆ ಅನುಗುಣವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಗಮನವಿಲ್ಲದಿರುವಿಕೆ: ದಿನವೂ ತಡವಾಗಿ ಬರುವುದು, ಪಾಠದ ನಡುವೆ ಮೊಬೈಲ್ ನೋಡುವುದು, ಪಕ್ಕದವರೊಡನೆ ಮಾತಿಗಿಳಿಯುವುದು, ತೂಕಡಿಸುವುದು, ಹೇಳದೆ ಹೊರಟುಹೋಗುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಎರಡನೆಯದು ತರಗತಿಯನ್ನು ಆಕ್ರಮಿಸಿಕೊಳ್ಳುವುದು. ಪ್ರತಿ ಪ್ರಶ್ನೆಗೂ ತಾವೇ ಉತ್ತರಿಸುವ, ಎಲ್ಲ ಚರ್ಚೆಯನ್ನೂ ತಮ್ಮ ಅನುಭವದತ್ತ ಎಳೆಯುವ, ಬೋಧಕರ ತಿಳಿವಳಿಕೆಯನ್ನು ಮತ್ತೆ ಮತ್ತೆ ಕೆಣಕುವ ನಡವಳಿಕೆ ಇದು. ಮೂರನೆಯದು ಜಾತಿ, ಧರ್ಮ, ಜನಾಂಗ, ಲಿಂಗ, ವಯಸ್ಸು ಅಥವಾ ಉಚ್ಚಾರಣೆಯನ್ನು ಹಿಡಿದು ಸಹಪಾಠಿಗಳನ್ನು ಹೀಯಾಳಿಸುವುದು. ನಾಲ್ಕನೆಯದು ಬೆದರಿಕೆ, ಹಲ್ಲೆ, ಕುಡಿದು ಅಥವಾ ಮಾದಕವಸ್ತು ಸೇವಿಸಿ ಬರುವುದು, ಯಂತ್ರೋಪಕರಣಗಳನ್ನು ಅಪಾಯಕರವಾಗಿ ಬಳಸುವುದು ಮುಂತಾದ ಗಂಭೀರ ಕೃತ್ಯಗಳು. ಈ ನಾಲ್ಕಕ್ಕೂ ಒಂದೇ ಬಗೆಯ ಪ್ರತಿಕ್ರಿಯೆ ಸಲ್ಲದು. ಮೊದಲ ಎರಡು ಬಹುಮಟ್ಟಿಗೆ ಬೋಧನೆಯ ಕೌಶಲದಿಂದ ಪರಿಹಾರವಾಗುವಂಥವು. ಮೂರನೆಯದಕ್ಕೆ ಸ್ಪಷ್ಟ ನಿಲುವೂ ಸಂಸ್ಥೆಯ ಬೆಂಬಲವೂ ಬೇಕು. ನಾಲ್ಕನೆಯದರಲ್ಲಿ ಸುರಕ್ಷತೆ ಮೊದಲು, ಉಳಿದದ್ದು ಆಮೇಲೆ.

ಪಾಠಭಂಗದಂತೆ ಕಾಣುವ, ಆದರೆ ಹಾಗಲ್ಲದ ವರ್ತನೆಗಳನ್ನು ಬೇರ್ಪಡಿಸಿ ನೋಡುವುದೂ ಅಷ್ಟೇ ಮುಖ್ಯ. ಭಿನ್ನಾಭಿಪ್ರಾಯ ಹೇಳುವುದು, ಪಠ್ಯದ ಉಪಯೋಗವನ್ನು ಪ್ರಶ್ನಿಸುವುದು, ಅರ್ಥವಾಗದ ಸಹಪಾಠಿಗೆ ತಾಯ್ನುಡಿಯಲ್ಲಿ ಪಿಸುಗುಟ್ಟಿ ವಿವರಿಸುವುದು, ಹಳೆಯ ನೋವು ನೆನಪಾಗಿ ಕಣ್ಣೀರಿಡುವುದು ಕಲಿಕೆಯ ಭಾಗವಾಗಿಯೇ ನಡೆಯುವ ಸಂಗತಿಗಳು. ಇವನ್ನು ಅಶಿಸ್ತೆಂದು ಹತ್ತಿಕ್ಕುವ ತರಗತಿಯಲ್ಲಿ ಮೌನ ನೆಲೆಸಬಹುದು, ಕಲಿಕೆ ನೆಲೆಸುವುದಿಲ್ಲ.

ವಿಚಾರದ ಬೆಳವಣಿಗೆ

ವಯಸ್ಕರು ಕಲಿಯುವ ಬಗೆ ಮಕ್ಕಳದಕ್ಕಿಂತ ಬೇರೆಯೆಂಬ ವಿಚಾರ ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾಯಿತು. ಅಮೆರಿಕದ ಎಡ್ವರ್ಡ್ ಲಿಂಡೆಮನ್ 1926ರ ತನ್ನ ಗ್ರಂಥದಲ್ಲಿ ವಯಸ್ಕರ ಶಿಕ್ಷಣ ವಿಷಯಗಳಿಂದಲ್ಲದೆ ಬದುಕಿನ ಸನ್ನಿವೇಶಗಳಿಂದ ಆರಂಭವಾಗಬೇಕೆಂದು ವಾದಿಸಿದ. ಅದನ್ನು ಮುಂದುವರಿಸಿದ ಮಾಲ್ಕಮ್ ನೋಲ್ಸ್, 1970ರ ದಶಕದಲ್ಲಿ ಪ್ರಸಿದ್ಧಿಗೆ ಬಂದ ತನ್ನ ಆಂಡ್ರಗಾಜಿ, ಅಂದರೆ ವಯಸ್ಕ ಬೋಧನಶಾಸ್ತ್ರದ ಸಿದ್ಧಾಂತದಲ್ಲಿ, ಏಕೆ ಕಲಿಯಬೇಕೆಂಬುದು ವಯಸ್ಕರಿಗೆ ಮೊದಲು ತಿಳಿದಿರಬೇಕು, ತಮ್ಮ ಕಲಿಕೆಯ ನಿರ್ಧಾರದಲ್ಲಿ ಅವರಿಗೆ ಪಾಲಿರಬೇಕು, ಅವರ ಅನುಭವವನ್ನು ಪಾಠದ ಸಾಮಗ್ರಿಯಾಗಿ ಬಳಸಬೇಕು ಎಂದು ಪ್ರತಿಪಾದಿಸಿದ. ಈ ನೋಟದಿಂದ ನೋಡಿದಾಗ, ತರಗತಿಯ ಎಷ್ಟೋ ಕಿರಿಕಿರಿಗಳ ಮೂಲ ಕಲಿಯುವವರ ಸ್ವಭಾವದಲ್ಲಿರದೆ, ಅವರನ್ನು ಮಕ್ಕಳಂತೆ ನಡೆಸಿಕೊಳ್ಳುವ ವ್ಯವಸ್ಥೆಯಲ್ಲಿರುವುದು ಕಾಣುತ್ತದೆ. ಬ್ರೆಜಿಲ್‌ನ ಪಾವ್ಲೊ ಫ್ರೇರಿ ಇನ್ನೂ ಮುಂದೆ ಹೋಗಿ, ಖಾಲಿ ಖಾತೆಗೆ ಹಣ ತುಂಬಿದಂತೆ ಕಲಿಯುವವರಿಗೆ ಅರಿವನ್ನು ತುಂಬುವ ಕ್ರಮವನ್ನೇ ತಿರಸ್ಕರಿಸಿ, ಸಂವಾದವನ್ನು ಬೋಧನೆಯ ತಳಹದಿಯಾಗಿಸಿದ.

ತರಗತಿಯ ನಿರ್ವಹಣೆಯನ್ನೇ ಕುರಿತ ಸಂಶೋಧನೆ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪು ಮಾಡಿದವರನ್ನು ಬೋಧಕರು ಹೇಗೆ ತಡೆಯುತ್ತಾರೆ ಎಂಬುದಕ್ಕಿಂತ, ಇಡೀ ತರಗತಿಯ ಮೇಲೆ ಅವರ ಎಚ್ಚರವಿದೆಯೇ, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಸರಾಗವಾಗಿ ಸಾಗುತ್ತಾರೆಯೇ ಎಂಬುದೇ ವ್ಯವಸ್ಥೆಯನ್ನು ಕಾಪಾಡುತ್ತದೆಯೆಂದು ತೋರಿಸಿದ. ಒಬ್ಬರಿಗೆ ಹೇಳಿದ ಬಿರುಮಾತು ಅದನ್ನು ಕೇಳಿಸಿಕೊಂಡ ಉಳಿದವರ ನಡವಳಿಕೆಯನ್ನೂ ಬದಲಿಸುತ್ತದೆ ಎಂಬುದು ಅವನ ಇನ್ನೊಂದು ನಿರ್ಣಯ. ಅವನ ಅಧ್ಯಯನ ಮಕ್ಕಳ ಶಾಲೆಗಳದಾದರೂ, ಒಬ್ಬರಿಗಾದ ಅವಮಾನವನ್ನು ಎಲ್ಲರೂ ತಮ್ಮದೆಂದೇ ಭಾವಿಸುವ ವಯಸ್ಕರ ಗುಂಪಿಗೆ ಅದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. 1996ರಲ್ಲಿ ರಾಬರ್ಟ್ ಬಾಯ್ಸ್ ಅಮೆರಿಕದ ವಿಶ್ವವಿದ್ಯಾಲಯದ ತರಗತಿಗಳನ್ನು ಗಮನಿಸಿ, ಅಸಭ್ಯತೆಯ ಹುಟ್ಟಿನಲ್ಲಿ ವಿದ್ಯಾರ್ಥಿಗಳಂತೆ ಅಧ್ಯಾಪಕರ ಪಾಲೂ ಇದೆಯೆಂದೂ, ಅಧ್ಯಾಪಕರ ಆತ್ಮೀಯತೆಯ ಸೂಚನೆಗಳು ಅದನ್ನು ತಗ್ಗಿಸುತ್ತವೆಯೆಂದೂ ಬರೆದ. ಆಸ್ಟ್ರೇಲಿಯಾದಲ್ಲಿ ಬಿಲ್ ರಾಜರ್ಸ್ ಶಾಲೆಗಳಿಗಾಗಿ ರೂಪಿಸಿದ, ಅತಿ ಕಡಿಮೆ ಹಸ್ತಕ್ಷೇಪದಿಂದ ತೊಡಗಿ ಅಗತ್ಯವಿದ್ದಷ್ಟೇ ಮೇಲೇರುವ ಕ್ರಮವನ್ನು ವಯಸ್ಕರ ತರಗತಿಗೂ ಹೊಂದಿಸಿಕೊಳ್ಳಬಹುದು.

ಕಾರಣಗಳು

ವಯಸ್ಕರ ತರಗತಿಯಲ್ಲಿ ಪಾಠಭಂಗಕ್ಕೆ ಅತಿ ಸಾಮಾನ್ಯ ಕಾರಣ ದಣಿವು. ಹಗಲೆಲ್ಲ ದುಡಿದು ಸಂಜೆ ಬಂದು ಕುಳಿತವರ ತೂಕಡಿಕೆಯಲ್ಲಿ ತಿರಸ್ಕಾರ ಹುಡುಕುವುದು ಅನ್ಯಾಯ. ಎರಡನೆಯ ಕಾರಣ ಭಯ: ಬಾಲ್ಯದಲ್ಲಿ ಶಾಲೆಯಿಂದ ಪೆಟ್ಟು, ನಾಚಿಕೆ, ಸೋಲುಗಳನ್ನಷ್ಟೇ ಪಡೆದವರು ತರಗತಿಯ ಕೋಣೆಗೆ ಮರಳಿದಾಗ, ಬರೆಯಲು ಬಾರದೆಂಬುದನ್ನು ಮುಚ್ಚಿಡಲು ತಮಾಷೆ ಮಾಡುತ್ತಾರೆ, ಜಗಳ ತೆಗೆಯುತ್ತಾರೆ ಅಥವಾ ಕನ್ನಡಕ ಮರೆತು ಬಂದೆನೆನ್ನುತ್ತಾರೆ. ಮೂರನೆಯದು ಒತ್ತಾಯದ ಹಾಜರಿ. ಆಸ್ಟ್ರೇಲಿಯಾದಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರು ಕೆಲಸ ಹುಡುಕುವುದು, ತರಬೇತಿ ಪಡೆಯುವುದು ಮೊದಲಾದ ಷರತ್ತುಗಳನ್ನು ಪಾಲಿಸಬೇಕು; ಇಂಗ್ಲಿಷ್ ಕಲಿಯಲು ವೀಸಾ ಪಡೆದು ಬಂದ ವಿದೇಶಿ ವಿದ್ಯಾರ್ಥಿಗಳು ಕನಿಷ್ಠ ಶೇಕಡ 80ರಷ್ಟು ಹಾಜರಾತಿ ಕಾಯ್ದುಕೊಳ್ಳಬೇಕು; ಕಂಪನಿ ಕಳಿಸಿದ ನೌಕರರಿಗೆ ಪ್ರಮಾಣಪತ್ರವಿಲ್ಲದೆ ಕೆಲಸ ಮುಂದುವರಿಯದು. ಹೀಗೆ ಬಂದವರ ಅಸಮಾಧಾನ ವ್ಯವಸ್ಥೆಯ ಮೇಲಿನದಾದರೂ ಎದುರಿಗೆ ಸಿಗುವವರು ಬೋಧಕರು.

ನಾಲ್ಕನೆಯ ಕಾರಣ ಪಾಠಕ್ಕೂ ಕಲಿಯುವವರಿಗೂ ಹೊಂದಿಕೆಯಿಲ್ಲದಿರುವುದು. ಇಪ್ಪತ್ತು ವರ್ಷ ಲಾರಿ ಓಡಿಸಿದವರಿಗೆ ಬ್ರೇಕಿನ ಪ್ರಾಥಮಿಕ ಪಾಠ ಹೇಳಿದರೆ ಅವರು ಬೋಧಕರನ್ನು ಕೆಣಕುವುದು ಸಹಜ. ಅಕ್ಷರವೇ ಬಾರದವರಿಗೆ ನಮೂನೆ ತುಂಬಲು ಕೊಟ್ಟರೆ ಅವರು ಎದ್ದುಹೋಗುವುದೂ ಸಹಜ. ಐದನೆಯದು ಸಂಸ್ಕೃತಿಗಳ ನಡುವಣ ಅಂತರ. ಬೋಧಕರನ್ನು ಹೆಸರು ಹಿಡಿದು ಕರೆಯುವುದು ಆಸ್ಟ್ರೇಲಿಯಾದ ತರಗತಿಯ ರೂಢಿ. ಗುರುವಿನ ಹೆಸರೆತ್ತದೆ ‘ಸರ್’, ‘ಮೇಡಂ’ ಎನ್ನುತ್ತ ಬೆಳೆದ ಕರ್ನಾಟಕದವರಿಗೆ ಅದು ಮುಜುಗರ ತರುತ್ತದೆ. ಗೌರವದಿಂದ ಸುಮ್ಮನಿರುವ ವಿದ್ಯಾರ್ಥಿಯನ್ನು ನಿರಾಸಕ್ತನೆಂದೂ, ಸಲುಗೆಯಿಂದ ಎದುರು ಮಾತಾಡುವವನನ್ನು ಉದ್ಧಟನೆಂದೂ ತಪ್ಪಾಗಿ ತಿಳಿಯುವ ಸಾಧ್ಯತೆ ಎರಡೂ ಕಡೆ ಇದೆ. ಕೊನೆಯದು ಅನಾರೋಗ್ಯ ಮತ್ತು ಆಘಾತ: ಕಿವಿ ಕೇಳಿಸದಿರುವುದು, ಓದುವ ತೊಡಕು, ಖಿನ್ನತೆ, ಯುದ್ಧ ಅಥವಾ ಸೆರೆವಾಸದ ನೆನಪು ಇವು ಹೊರಗೆ ಅಶಿಸ್ತಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ವೆಲ್ಷ್‌ಪೂಲ್ ಮತ್ತು ವೃತ್ತಿ ತರಬೇತಿ

ಪರ್ತ್ ನಗರಕೇಂದ್ರದ ಆಗ್ನೇಯಕ್ಕಿರುವ ವೆಲ್ಷ್‌ಪೂಲ್ ಉಗ್ರಾಣ, ಯಂತ್ರಾಗಾರ, ಸಾಗಣೆ ಕಂಪನಿಗಳ ಬಡಾವಣೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮದ್ದುಗುಂಡುಗಳ ಕಾರ್ಖಾನೆಯಿತ್ತು. ಯುದ್ಧಾನಂತರ ಅದೇ ಕಟ್ಟಡಗಳಲ್ಲಿ ಚೇಂಬರ್ಲೇನ್ ಟ್ರ್ಯಾಕ್ಟರುಗಳು ತಯಾರಾದವು. ಇಂಥ ಕೈಗಾರಿಕಾ ಪ್ರದೇಶಗಳಲ್ಲಿ ವಯಸ್ಕರ ತರಗತಿಯೆಂದರೆ ಹೆಚ್ಚಾಗಿ ಫೋರ್ಕ್‌ಲಿಫ್ಟ್, ಕ್ರೇನ್, ಎತ್ತರದ ಕೆಲಸ, ವೆಲ್ಡಿಂಗ್ ಮುಂತಾದವುಗಳ ತರಬೇತಿ. ಸಾರ್ವಜನಿಕ ವೃತ್ತಿಶಿಕ್ಷಣವನ್ನು ಟೇಫ್ ಎಂದು ಪ್ರಸಿದ್ಧವಾದ ತಾಂತ್ರಿಕ ಮತ್ತು ಮುಂದುವರಿದ ಶಿಕ್ಷಣ ಸಂಸ್ಥೆಗಳು ನಡೆಸುತ್ತವೆ. ಕೈಗಾರಿಕೆಯ ಬೇಡಿಕೆಯಷ್ಟೇ ವ್ಯಕ್ತಿಯ ಬೆಳವಣಿಗೆಯೂ ಈ ಶಿಕ್ಷಣದ ಗುರಿಯಾಗಬೇಕೆಂದು 1974ರ ಕಂಗನ್ ವರದಿ ಸಾರಿದ್ದು ದೇಶದ ವಯಸ್ಕ ಶಿಕ್ಷಣದ ಇತಿಹಾಸದಲ್ಲಿ ಮಹತ್ವದ ತಿರುವು.

ಯಂತ್ರಗಳ ಅಂಗಳದಲ್ಲಿ ಪಾಠಭಂಗದ ಅರ್ಥವೇ ಬದಲಾಗುತ್ತದೆ. ಕೋಣೆಯಲ್ಲಿ ಮೊಬೈಲ್ ನೋಡುವುದು ಕಿರಿಕಿರಿ; ಕ್ರೇನಿಗೆ ತೂಗುತ್ತಿರುವ ಭಾರದ ಬಳಿ ಮೊಬೈಲ್ ನೋಡುವುದು ಜೀವಕ್ಕೆ ಅಪಾಯ. ಆದ್ದರಿಂದ ಅಲ್ಲಿ ಕ್ರಮವೂ ಬೇರೆ: ಮೊದಲು ಕೆಲಸ ನಿಲ್ಲಿಸುವುದು, ಯಂತ್ರ ಬಂದ್ ಮಾಡುವುದು, ವ್ಯಕ್ತಿಯನ್ನು ಸುರಕ್ಷಿತ ಜಾಗಕ್ಕೆ ಕರೆತರುವುದು, ಬಳಿಕವಷ್ಟೇ ಮಾತು. ನಿಲ್ಲಿಸುವ ಈ ಅಧಿಕಾರ ಬೋಧಕರೊಬ್ಬರದೇ ಅಲ್ಲ, ಅಪಾಯ ಕಂಡ ಪ್ರತಿಯೊಬ್ಬರದೂ ಹೌದೆಂದು ಮೊದಲ ದಿನವೇ ಹೇಳಿಕೊಡಬೇಕು. ಆಗ ನಿಯಮಪಾಲನೆ ಮೇಲಿನವರ ಆಜ್ಞೆಯಾಗಿ ಉಳಿಯದೆ ಗುಂಪಿನ ಹೊಣೆಯಾಗುತ್ತದೆ. ಅನುಭವಿ ಕಾರ್ಮಿಕರು ಸುರಕ್ಷತಾ ಕ್ರಮಗಳನ್ನು ಹಗುರವಾಗಿ ಕಾಣುವಾಗ ಅವರೊಡನೆ ವಾದಕ್ಕಿಳಿಯುವ ಬದಲು, ಅವರು ಸ್ವತಃ ಕಂಡ ಅವಘಡಗಳ ಕಾರಣಗಳನ್ನು ಅವರೇ ವಿವರಿಸುವಂತೆ ಮಾಡುವುದು ಫಲಕಾರಿ. ಕೆಣಕುವ ವಿದ್ಯಾರ್ಥಿ ಇದರಿಂದ ಬೋಧನೆಯ ಪಾಲುದಾರನಾಗುತ್ತಾನೆ.

ವಲಸಿಗರ ಭಾಷಾ ತರಗತಿಗಳು

ಆಸ್ಟ್ರೇಲಿಯಾದ ವಯಸ್ಕ ವಲಸಿಗರ ಇಂಗ್ಲಿಷ್ ಕಾರ್ಯಕ್ರಮದ ಬೇರುಗಳು 1940ರ ದಶಕದ ಕೊನೆಯಲ್ಲಿ ಯುರೋಪಿನ ನಿರಾಶ್ರಿತರಿಗಾಗಿ ಹಡಗು ಮತ್ತು ಶಿಬಿರಗಳಲ್ಲಿ ನಡೆದ ಪಾಠಗಳಲ್ಲಿವೆ. 1971ರ ಕಾಯ್ದೆ ಅದಕ್ಕೆ ಶಾಸನದ ಆಧಾರ ಕೊಟ್ಟಿತು. ಬಹುಕಾಲ ಅರ್ಹರಿಗೆ 510 ಗಂಟೆಗಳ ಉಚಿತ ಬೋಧನೆಯ ಮಿತಿಯಿದ್ದು, 2021ರಲ್ಲಿ ಅದನ್ನು ತೆಗೆದುಹಾಕಲಾಯಿತು. ಮಿತಿ ಹೋದದ್ದು ತರಗತಿಯ ವಾತಾವರಣದ ದೃಷ್ಟಿಯಿಂದಲೂ ಗಮನಾರ್ಹ. ಗಂಟೆಗಳು ಮುಗಿಯುತ್ತಿವೆಯೆಂಬ ಆತಂಕದಲ್ಲಿ ಕುಳಿತವರಿಗೆ ಸಹಪಾಠಿಯ ನಿಧಾನಗತಿಯನ್ನು ಸಹಿಸುವುದು ಕಷ್ಟ.

ಪರ್ತ್, ಬ್ರಿಸ್ಬೇನ್ ಮತ್ತು ಅಡಿಲೇಡ್‌ಗಳ ಟೇಫ್‌ಗಳಲ್ಲಿ ನಡೆಯುತ್ತ ಬಂದಿರುವ ಈ ತರಗತಿಗಳಲ್ಲಿ ಪದವೀಧರರೂ ಎಂದೂ ಶಾಲೆ ಕಾಣದವರೂ, ಕೆಲವೊಮ್ಮೆ ಒಂದೇ ಯುದ್ಧದ ಎರಡು ಪಕ್ಷಗಳಿಗೆ ಸೇರಿದವರೂ ಒಟ್ಟಿಗೆ ಕೂರಬಹುದು. ಬಾಗಿಲಿಗೆ ಬೆನ್ನು ಮಾಡಿ ಕೂರಲೊಲ್ಲದವರು, ಜೋರಾದ ಸದ್ದಿಗೆ ಎದ್ದು ಓಡುವವರು, ಕುಟುಂಬದ ಬಗ್ಗೆ ಬರೆಯಿರೆಂದಾಗ ಪುಸ್ತಕ ಮುಚ್ಚುವವರು ಅಶಿಸ್ತಿನವರಲ್ಲ. ಆಘಾತದ ಗುರುತು ಹೊತ್ತವರು. ಹಿಂಸೆ ಮತ್ತು ಆಘಾತಗಳಿಂದ ಪಾರಾಗಿ ಬಂದವರಿಗಾಗಿ ಪರ್ತ್‌ನಲ್ಲಿ ಅಸೆಟ್ಸ್, ಬ್ರಿಸ್ಬೇನ್‌ನಲ್ಲಿ ಕ್ಯೂಪಾಸ್ಟ್, ಅಡಿಲೇಡ್‌ನಲ್ಲಿ ಸ್ಟಾರ್ಸ್ ಎಂಬ ವಿಶೇಷ ಸೇವಾಸಂಸ್ಥೆಗಳಿವೆ. ಬೋಧಕರು ಚಿಕಿತ್ಸಕರಾಗಬೇಕಿಲ್ಲ. ಆದರೆ ಕುಳಿತುಕೊಳ್ಳುವ ಜಾಗದ ಆಯ್ಕೆ ಬಿಟ್ಟುಕೊಡುವುದು, ದಿನದ ಕಾರ್ಯಕ್ರಮವನ್ನು ಮೊದಲೇ ತಿಳಿಸುವುದು, ಸ್ವಂತ ಕಥೆ ಹೇಳುವಂತೆ ಒತ್ತಾಯಿಸದಿರುವುದು, ಅಗತ್ಯವಿದ್ದಲ್ಲಿ ಇಂಥ ಸೇವೆಗಳ ಕಡೆಗೆ ದಾರಿ ತೋರಿಸುವುದು ಅವರ ಕರ್ತವ್ಯದ ವ್ಯಾಪ್ತಿಯಲ್ಲಿವೆ.

ಕರ್ನಾಟಕದ ಅನುಭವ

ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿಯೇ ವಯಸ್ಕರ ರಾತ್ರಿಶಾಲೆಗಳಿಗೆ ಪ್ರೋತ್ಸಾಹ ದೊರೆತಿತ್ತು. 1940ರ ದಶಕದಿಂದ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಸಾಕ್ಷರತಾ ತರಗತಿಗಳ ಜೊತೆಗೆ ‘ಬೆಳಕು’, ‘ಪುಸ್ತಕ ಪ್ರಪಂಚ’ ಎಂಬ ಪತ್ರಿಕೆಗಳನ್ನು ಹೊರತಂದು ಹೊಸದಾಗಿ ಅಕ್ಷರ ಕಲಿತವರಿಗೆ ಓದುವ ಸಾಮಗ್ರಿ ಒದಗಿಸಿತು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ 15ರಿಂದ 35 ವಯಸ್ಸಿನವರಿಗಾಗಿ, ಕೇಂದ್ರವೊಂದಕ್ಕೆ ಸುಮಾರು 30 ಜನರಂತೆ ತರಗತಿಗಳನ್ನು ತೆರೆಯಿತು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ನಂತರ ನಡೆದ ಸಂಪೂರ್ಣ ಸಾಕ್ಷರತಾ ಆಂದೋಲನಗಳಲ್ಲಿ ಒಬ್ಬ ಸ್ವಯಂಸೇವಕ ಸುಮಾರು ಹತ್ತು ಮಂದಿಗೆ, ಒಟ್ಟು 200 ಗಂಟೆಗಳ ಅವಧಿಯಲ್ಲಿ ಕಲಿಸುವ ಪದ್ಧತಿ ಬಂತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಮೊದಲಾದ ಜಿಲ್ಲೆಗಳು 1990ರ ದಶಕದ ಆರಂಭದಲ್ಲಿಯೇ ಈ ಆಂದೋಲನಕ್ಕೆ ಇಳಿದವು. ಗುಂಪು ಮೂವತ್ತರಿಂದ ಹತ್ತಕ್ಕೆ ಇಳಿದದ್ದು ತರಗತಿಯ ನಿರ್ವಹಣೆಯ ದೃಷ್ಟಿಯಿಂದ ದೊಡ್ಡ ಬದಲಾವಣೆ. ಹತ್ತು ಜನರ ನಡುವೆ ಪ್ರತಿಯೊಬ್ಬರ ಮನೆಯ ಸ್ಥಿತಿಯನ್ನೂ ಬೋಧಕರು ಬಲ್ಲರು.

ಹಳ್ಳಿಯ ಸಾಕ್ಷರತಾ ಕೇಂದ್ರದಲ್ಲಿ ಪಾಠಭಂಗದ ಮುಖಗಳು ಬೇರೆ. ಕಂಕುಳ ಕೂಸಿನ ಅಳು, ಅಡುಗೆ ಬಿಟ್ಟು ಬಂದೆಯೆಂದು ಬಾಗಿಲಲ್ಲಿ ಗದರುವ ಗಂಡ, ಕುಡಿದು ಬಂದು ಜಗುಲಿಯಲ್ಲಿ ಕೂಗಾಡುವವರು, ಜಾತಿಯ ಕಾರಣದಿಂದ ಒಂದೇ ಚಾಪೆಯ ಮೇಲೆ ಕೂರಲೊಪ್ಪದವರು, ಸುಗ್ಗಿ ಬಂದೊಡನೆ ಖಾಲಿಯಾಗುವ ಕೋಣೆ ಇವೆಲ್ಲ ಸಮಾಜವೇ ತರಗತಿಯೊಳಕ್ಕೆ ತರುವ ಅಡ್ಡಿಗಳು. ಬೋಧಕರು ಬಹಳ ಸಲ ಅದೇ ಊರಿನ ಹತ್ತನೆಯ ತರಗತಿ ಓದಿದ ಹುಡುಗ ಹುಡುಗಿಯರು. ತಾವು ಅಜ್ಜಿ, ಅತ್ತೆ, ದೊಡ್ಡಪ್ಪ ಎಂದು ಕರೆಯುವವರಿಗೆ ಅವರು ಅಕ್ಷರ ಕಲಿಸಬೇಕಾಗುತ್ತದೆ. ಅಧಿಕಾರದ ದನಿ ಅಲ್ಲಿ ನಡೆಯುವಂಥದ್ದಲ್ಲ. ಬಂಧುತ್ವದ ಆ ಕರೆಗಳೇ ಕೇಂದ್ರವನ್ನು ನಡೆಸುವ ಬಲ. ಪಾಠದ ಹೊತ್ತನ್ನು ಕೃಷಿಯ ಕೆಲಸಕ್ಕೆ ಹೊಂದಿಸುವುದು, ಕೂಸುಗಳನ್ನು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡುವುದು, ಹೊರಗಿನವರ ಕಾಟವನ್ನು ಊರ ಹಿರಿಯರ ಮೂಲಕ ನಿಲ್ಲಿಸುವುದು ಇವೇ ಅಲ್ಲಿ ಸಲ್ಲುವ ಉಪಾಯಗಳು. 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಇನ್ನೊಂದು ದಾರಿ ತೋರಿಸಿತು: ಹೆಂಗಸರು ಮೊದಲು ಸಂಘವಾಗಿ ಕೂಡಿ, ನೀರು, ಕೂಲಿ, ಆರೋಗ್ಯ, ದೌರ್ಜನ್ಯಗಳ ಬಗ್ಗೆ ಮಾತಾಡಿ, ಅಕ್ಷರದ ಅಗತ್ಯವನ್ನು ತಾವೇ ಕಂಡುಕೊಳ್ಳುವಂತೆ ಅದು ನೋಡಿಕೊಂಡಿತು. ಅಗತ್ಯ ತಮ್ಮದೆಂದು ಅರಿತ ಗುಂಪು ತನ್ನ ಕಲಿಕೆಗೆ ಬರುವ ಅಡ್ಡಿಯನ್ನು ತಾನೇ ಎದುರಿಸುತ್ತದೆ.

ನಿರ್ವಹಣೆಯ ಕ್ರಮ

ನಿರ್ವಹಣೆಯ ಮೊದಲ ಹಂತ ತಡೆ. ಮೊದಲ ದಿನ ಬೋಧಕರು ನಿಯಮಗಳ ಪಟ್ಟಿ ಓದುವುದಕ್ಕಿಂತ, ‘ಈ ತರಗತಿಯಲ್ಲಿ ನೀವು ಚೆನ್ನಾಗಿ ಕಲಿಯಲು ಏನು ಬೇಕು?’ ಎಂದು ಕೇಳಿ, ಬಂದ ಉತ್ತರಗಳಿಂದ ನಾಲ್ಕೈದು ಒಪ್ಪಂದಗಳನ್ನು ರೂಪಿಸುವುದು ಲೇಸು. ತಾವೇ ಮಾಡಿದ ಒಪ್ಪಂದವನ್ನು ನೆನಪಿಸಿದಾಗ ಯಾರಿಗೂ ಅವಮಾನವಾಗುವುದಿಲ್ಲ. ತುರ್ತು ಫೋನ್ ಕರೆಗೆ ಹೊರಹೋಗುವ ಅವಕಾಶ, ತಡವಾಗಿ ಬಂದವರು ಸದ್ದಿಲ್ಲದೆ ಸೇರಿಕೊಳ್ಳುವ ದಾರಿ, ವಿರಾಮದ ಹೊತ್ತು ಇವೆಲ್ಲ ಅದರಲ್ಲಿರಬೇಕು. ಹೊಸದಾಗಿ ಕೂಡಿದ ಗುಂಪು ಒಗ್ಗೂಡುವ ಮುನ್ನ ಘರ್ಷಣೆಯ ಹಂತವೊಂದನ್ನು ದಾಟುತ್ತದೆಂದು ಬ್ರೂಸ್ ಟಕ್‌ಮನ್ 1965ರಲ್ಲಿ ವಿವರಿಸಿದ್ದಾನೆ. ಇದನ್ನು ಅರಿತ ಬೋಧಕರು ಮೊದಲ ವಾರಗಳ ತಿಕ್ಕಾಟಕ್ಕೆ ಗಾಬರಿಯಾಗುವುದಿಲ್ಲ. ಕಲಿಯುವವರು ತಾವು ಯಾವಾಗ ಪಾಠದಲ್ಲಿ ತೊಡಗಿದ್ದರು, ಯಾವಾಗ ದೂರವಾದರು ಎಂಬುದನ್ನು ಹೆಸರಿಲ್ಲದೆ ಬರೆದುಕೊಡುವ, ಸ್ಟೀಫನ್ ಬ್ರೂಕ್‌ಫೀಲ್ಡ್ ರೂಪಿಸಿದ ವಾರದ ಪ್ರಶ್ನಾವಳಿ ಅಸಮಾಧಾನವನ್ನು ಸಿಡಿಯುವ ಮೊದಲೇ ತಿಳಿಯುವ ಸಾಧನ.

ಎರಡನೆಯ ಹಂತ ತರಗತಿಯೊಳಗಿನ ಮೃದು ಹಸ್ತಕ್ಷೇಪ. ಹರಟೆಯ ಬಳಿ ಹೋಗಿ ನಿಲ್ಲುವುದು, ಒಂದು ನೋಟ, ಕ್ಷಣಕಾಲದ ಮೌನ, ಗುಂಪು ಚಟುವಟಿಕೆಯತ್ತ ತಿರುಗುವುದು ಹಲವು ಬಾರಿ ಸಾಕಾಗುತ್ತದೆ. ಎಲ್ಲ ಮಾತನ್ನೂ ತಾವೇ ಆಡುವವರಿಗೆ, ಅವರ ಅಭಿಪ್ರಾಯವನ್ನು ಗೌರವದಿಂದ ಸ್ವೀಕರಿಸಿ, ಇನ್ನೂ ಮಾತಾಡದವರಿಂದ ಕೇಳೋಣವೆಂದು ಹೇಳಬಹುದು. ಮೂರನೆಯ ಹಂತ ಖಾಸಗಿ ಮಾತುಕತೆ: ವಿರಾಮದಲ್ಲಿ ಒಬ್ಬರನ್ನೇ ಕಂಡು, ಅವರ ಸ್ವಭಾವವನ್ನು ಟೀಕಿಸದೆ, ನಡೆದದ್ದನ್ನು ಹೇಳಿ, ಅದರ ಪರಿಣಾಮ ವಿವರಿಸಿ, ಕಾರಣ ಕೇಳಿ, ಮುಂದೇನು ಮಾಡೋಣವೆಂದು ಒಟ್ಟಾಗಿ ನಿರ್ಧರಿಸುವುದು. ಹೀಯಾಳಿಕೆಯ ಮಾತಿಗೆ ಮಾತ್ರ ಪ್ರತಿಕ್ರಿಯೆ ಅಲ್ಲೇ, ಎಲ್ಲರೆದುರೇ ಬರಬೇಕು. ಬೋಧಕರ ಮೌನವನ್ನು ನೊಂದವರು ಒಪ್ಪಿಗೆಯೆಂದೇ ತಿಳಿಯುತ್ತಾರೆ. ಆ ಮಾತು ಇಲ್ಲಿ ಸಲ್ಲದೆಂದು ಚಿಕ್ಕದಾಗಿ ಹೇಳಿ, ವಿವರವಾದ ಚರ್ಚೆಯನ್ನು ಖಾಸಗಿಗೆ ಬಿಡಬೇಕು.

ಇದಾದ ಮೇಲೂ ವರ್ತನೆ ಮುಂದುವರಿದರೆ ಲಿಖಿತ ದಾಖಲೆ, ಎಚ್ಚರಿಕೆ, ಸಂಸ್ಥೆಯ ಔಪಚಾರಿಕ ಕ್ರಮ, ಕೊನೆಗೆ ತರಗತಿಯಿಂದ ಹೊರಗಿಡುವುದು ಅನುಕ್ರಮವಾಗಿ ಬರುತ್ತವೆ. ಜಗಳವಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ ಹಾನಿ ಸರಿಪಡಿಸುವ ಪುನಃಸ್ಥಾಪನಾ ಸಭೆಗಳನ್ನು 1994ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮರೂಚಿಡೋರ್ ಶಾಲೆಯಲ್ಲಿ ಮಾರ್ಗರೆಟ್ ಥಾರ್ಸ್‌ಬೋರ್ನ್ ಬಳಕೆಗೆ ತಂದರು. ನೊಂದವರ ಮುಕ್ತ ಒಪ್ಪಿಗೆಯಿದ್ದಾಗ ಮಾತ್ರ ಇದು ವಯಸ್ಕರಿಗೂ ತಕ್ಕ ಮಾರ್ಗ. ಆನ್‌ಲೈನ್ ತರಗತಿಗಳಲ್ಲಿಯೂ ತತ್ವ ಇದೇ: ಮೈಕ್ ಮತ್ತು ಚಾಟ್ ಬಳಕೆಯ ಒಪ್ಪಂದ ಮೊದಲೇ ಇರಬೇಕು.

ಕಾನೂನಿನ ಚೌಕಟ್ಟು

ಆಸ್ಟ್ರೇಲಿಯಾದಲ್ಲಿ ಬೋಧಕರ ಸುರಕ್ಷತೆಯೂ ವಿದ್ಯಾರ್ಥಿಗಳ ಹಕ್ಕೂ ಕಾಯ್ದೆಯ ವಿಷಯಗಳು. ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯ ಏಕರೂಪದ ಕಾಯ್ದೆಗಳು ಕ್ವೀನ್ಸ್‌ಲ್ಯಾಂಡ್‌ನಲ್ಲಿ 2012ರಿಂದ, ದಕ್ಷಿಣ ಆಸ್ಟ್ರೇಲಿಯಾದಲ್ಲಿ 2013ರಿಂದ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2022ರ ಮಾರ್ಚ್ 31ರಿಂದ ಜಾರಿಯಲ್ಲಿವೆ. ಬೈಗುಳ, ಬೆದರಿಕೆ, ಕಿರುಕುಳಗಳಿಂದ ಮನಸ್ಸಿಗೆ ಒದಗುವ ಹಾನಿಯನ್ನೂ ತಡೆಯುವ ಹೊಣೆ ಸಂಸ್ಥೆಗಳ ಮೇಲಿದೆ. 1975ರ ಜನಾಂಗೀಯ ತಾರತಮ್ಯ ಕಾಯ್ದೆ, 1992ರ ಅಂಗವೈಕಲ್ಯ ತಾರತಮ್ಯ ಕಾಯ್ದೆ ಮತ್ತು ಅದರಡಿ 2005ರಲ್ಲಿ ಬಂದ ಶಿಕ್ಷಣದ ಮಾನದಂಡಗಳು ಇನ್ನೊಂದು ಬದಿಯನ್ನು ಕಾಯುತ್ತವೆ. ಅಂಗವೈಕಲ್ಯವುಳ್ಳವರ ವಿಷಯದಲ್ಲಿ ತರಗತಿಯಲ್ಲಿ ಯುಕ್ತವಾದ ಹೊಂದಾಣಿಕೆ ಮಾಡಿಕೊಡಬೇಕಾದದ್ದು ಸಂಸ್ಥೆಯ ಕರ್ತವ್ಯ. ಯಾರನ್ನಾದರೂ ಹೊರಗಿಡುವ ಮುನ್ನ ಆರೋಪವನ್ನು ತಿಳಿಸುವುದು, ಅವರ ಮಾತು ಕೇಳುವುದು, ಪಕ್ಷಪಾತವಿಲ್ಲದವರು ತೀರ್ಮಾನಿಸುವುದು, ಮೇಲ್ಮನವಿಗೆ ಅವಕಾಶ ಕೊಡುವುದು ಇವು ಸಹಜ ನ್ಯಾಯದ ಅಂಗಗಳು. ಭಾರತದ ಸಾಕ್ಷರತಾ ಕೇಂದ್ರಗಳಲ್ಲಿ ಬೋಧಕರಿಗೆ ಇಂಥ ಔಪಚಾರಿಕ ರಕ್ಷಣೆ ಕಡಿಮೆ. ಅವರು ಗ್ರಾಮದ ಸಮಿತಿ ಮತ್ತು ಊರವರ ವಿಶ್ವಾಸವನ್ನೇ ಆಶ್ರಯಿಸಬೇಕಾಗುತ್ತದೆ.

ಚರ್ಚೆ ಮತ್ತು ಮೌಲ್ಯಮಾಪನ

ಎಲ್ಲ ಅಶಿಸ್ತನ್ನೂ ವ್ಯವಸ್ಥೆಯ ದೋಷವೆಂದು ವಿವರಿಸಿದರೆ ವ್ಯಕ್ತಿಯ ಹೊಣೆ ಮರೆಯಾಗುತ್ತದೆ, ಅದರ ಭಾರ ಸುಮ್ಮನೆ ಕುಳಿತು ಕಲಿಯಬಯಸುವವರ ಮೇಲೆಯೂ ತಾತ್ಕಾಲಿಕ ನೇಮಕದಲ್ಲಿರುವ ಬೋಧಕರ ಮೇಲೆಯೂ ಬೀಳುತ್ತದೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಒಪ್ಪಂದದ ನಿಯಮಗಳನ್ನೂ ಕೊನೆಗೆ ಬೋಧಕರೇ ಜಾರಿಮಾಡುವುದರಿಂದ ಸಮಾನತೆ ಪೂರ್ಣವಲ್ಲವೆಂಬ ಎದುರು ವಾದವೂ ಸರಿಯಾದದ್ದೇ. ಈ ಎರಡರ ನಡುವೆ ದಾರಿ ಹುಡುಕಲು ಬೋಧಕರಿಗೆ ತರಬೇತಿ, ಚಿಕ್ಕ ಗುಂಪುಗಳು, ಸಮಾಲೋಚಕರ ನೆರವು ಮತ್ತು ಸಂಸ್ಥೆಯ ಸ್ಪಷ್ಟ ನೀತಿ ಬೇಕೇ ಬೇಕು. ಇವನ್ನು ಒದಗಿಸದೆ ತರಗತಿಯ ಶಾಂತಿಯನ್ನು ಬೋಧಕರ ಜಾಣ್ಮೆಯೊಂದಕ್ಕೇ ಬಿಟ್ಟುಬಿಡುವುದು ಆಡಳಿತದ ವೈಫಲ್ಯ. ತರಗತಿಯ ನಿಶ್ಶಬ್ದತೆಯಿಂದ ನಿರ್ವಹಣೆಯ ಯಶಸ್ಸನ್ನು ಅಳೆಯಲಾಗದು. ಅಡ್ಡಿಪಡಿಸಿದವರು ಮರುದಿನ ಮರಳಿ ಬಂದರೇ, ಅವರಿಂದ ನೊಂದವರು ಧೈರ್ಯದಿಂದ ಮುಂದುವರಿದರೇ, ಇಬ್ಬರೂ ಕಲಿಯಲು ಬಂದದ್ದನ್ನು ಕಲಿತು ಮುಗಿಸಿದರೇ ಎಂಬುದೇ ವೆಲ್ಷ್‌ಪೂಲ್‌ನ ಯಂತ್ರಾಂಗಳಕ್ಕೂ ಕರ್ನಾಟಕದ ಹಳ್ಳಿಯ ಸಾಕ್ಷರತಾ ಕೇಂದ್ರಕ್ಕೂ ಸಮಾನವಾಗಿ ಸಲ್ಲುವ ಮಾನದಂಡ.